ಎಲ್ಲಾ ಹೊಳೆಯುವ ಮನೆಯಲ್ಲಿ ಹಳೇ ಕದ ಎಲ್ಲಿಡೋದು?

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ಮೂರು ಬೆಡ್‌ರೂಮಿನ ಫ್ಲ್ಯಾಟ್. ಹಾಲ್ ಸುಮಾರು 22 ಅಡಿ ಉದ್ದ, 12 ಅಡಿ ಅಗಲ. ನೆಲಕ್ಕೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್, ಟಿವಿ ಯೂನಿಟ್‌ಗೆ ಹೊಳೆಯುವ ಹೈ ಗ್ಲಾಸಿ ಮೈಕಾ, ಮೇಲೆ ಫಾಲ್ಸ್ ಸೀಲಿಂಗ್. ಎಲ್ಲಾ ಹೊಸದು, ಆದರೆ ಹೋಟೆಲ್ ಲಾಬಿಯಲ್ಲಿ ಕೂತ ಹಾಗಿದೆ. ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆ ಕೆಡವಿದಾಗ ಹಲಸಿನ ಮರದ ಜೋಡಿ ಕದ, ಒಂದು ತೇಗದ ಹಲಗೆ, ಬಚ್ಚಲ ಮನೆಯ ತಾಮ್ರದ ಹಂಡೆ ತಂದಿಟ್ಟುಕೊಂಡಿದ್ದೇವೆ. ಡಿಸೈನರ್ ಒಬ್ಬರು ಹಾಲ್‌ಗೆ ಟೆಕ್ಸ್‌ಚರ್ (ಮೈಯ ಒರಟು-ನಯ) ಕಡಿಮೆ ಅಂತ ಹೇಳಿ, ಟಿವಿ ಗೋಡೆಗೆ ಕಲ್ಲಿನ ಕ್ಲ್ಯಾಡಿಂಗ್ (ಗೋಡೆಗೆ ಅಂಟಿಸುವ ಬಿಲ್ಲೆ), ಉದ್ದುದ್ದ ತೋಡುಗಳಿರುವ ಫ್ಲೂಟೆಡ್ ಪ್ಯಾನೆಲ್, ಕನ್ನಡಿ, ಮಧ್ಯದಲ್ಲಿ ನಮ್ಮ ಕದ ಹಾಕಿ ತ್ರೀ-ಡಿ ಚಿತ್ರ ಕಳಿಸಿದ್ದಾರೆ. ನೋಡಿದರೆ ಸಂತೆ ಥರ ಅನಿಸುತ್ತೆ. ಒರಟು, ನಯ, ಹೊಳಪು, ಹಳತು, ಹೊಸತು ಎಲ್ಲವನ್ನೂ ಒಂದೇ ಹಾಲ್‌ನಲ್ಲಿ ಹೊಂದಿಸೋದು ಹೇಗೆ? ನೆಲ ಬದಲಿಸುವಷ್ಟು ದುಡ್ಡಿಲ್ಲ. ಹಂಡೆಯನ್ನು ಪಾಲಿಶ್ ಅಂಗಡಿಗೆ ಕೊಟ್ಟು ಬಂಗಾರದ ಹಾಗೆ ಮಾಡಿಸಬೇಕು ಅಂತಿದ್ದೇವೆ. ಅಡುಗೆಮನೆ ಕಟ್ಟೆಗೆ ಲೆದರ್ ಫಿನಿಶ್ (ಚರ್ಮದ ಥರ ಸಣ್ಣ ಗುಳಿಗಳಿರುವ, ಹೊಳಪು ಕಡಿಮೆಯ) ಕಲ್ಲು ಹಾಕಿಸಬಹುದಾ ಅಂತಲೂ ಹೇಳಿ.

ಉತ್ತರ: ನೀವು ಕಳಿಸಿದ ಫೋಟೋಗಳನ್ನು ಎರಡೆರಡು ಸಲ ನೋಡಿದೆ. ಡಿಸೈನರ್ ಹೇಳಿದ ಹಾಗೆ ನಿಮ್ಮ ಹಾಲ್‌ಗೆ ಟೆಕ್ಸ್‌ಚರ್ ಕಡಿಮೆ ಆಗಿದೆ ಅಂತ ನನಗೆ ಅನಿಸಲಿಲ್ಲ. ಹೊಳಪು ಜಾಸ್ತಿಯಾಗಿದೆ. ಈ ಎರಡಕ್ಕೂ ಮದ್ದು ಬೇರೆ ಬೇರೆ. ಟೆಕ್ಸ್‌ಚರ್ ಕಡಿಮೆ ಅಂದುಕೊಂಡರೆ ಇನ್ನಷ್ಟು ಸಾಮಾನು ತಂದು ಅಂಟಿಸುತ್ತೀರಿ. ಹೊಳಪು ಜಾಸ್ತಿ ಅಂತ ಗೊತ್ತಾದರೆ ಮೊದಲು ಇರೋದನ್ನು ಇಳಿಸುತ್ತೀರಿ.

ನಂಬಿಕೆ ಬರದಿದ್ದರೆ ಇವತ್ತೇ ಒಂದು ಕೆಲಸ ಮಾಡಿ. ಸಂಜೆ ಏಳಕ್ಕೆ ಹಾಲ್‌ನ ಎಲ್ಲಾ ದೀಪ ಹಾಕಿ, ಮುಂಬಾಗಿಲಲ್ಲಿ ನಿಂತು, ಮೊಬೈಲ್‌ನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆಯಿರಿ. ಬಣ್ಣ ಹೋದರೆ ಉಳಿಯೋದು ಬೆಳಕು ಮತ್ತು ವಸ್ತುವಿನ ಮೈ. ಆ ಫೋಟೋದಲ್ಲಿ ದೀಪದ ಪ್ರತಿಬಿಂಬ ಎಷ್ಟು ಕಡೆ ಕಾಣುತ್ತೆ, ಎಣಿಸಿ. ನೀವು ಕಳಿಸಿದ ಒಂದು ಫೋಟೋದಲ್ಲೇ ನಾನು ಹನ್ನೊಂದು ಎಣಿಸಿದೆ. ನೆಲದಲ್ಲಿ ನಾಲ್ಕು, ಮೈಕಾದಲ್ಲಿ ಐದು, ಟಿವಿಯಲ್ಲಿ ಒಂದು, ಸೋಫಾದ ರೆಕ್ಸಿನ್ ಮೇಲೂ ಒಂದು. ಕಣ್ಣಿಗೆ ಕೂರಲು ಜಾಗವೇ ಇಲ್ಲ. ಲಾಬಿ ಅನಿಸೋದು ಅದಕ್ಕೆ.

ಬೀದರಿನ ಬಿದರಿ ಕೆಲಸದ ಹೂದಾನಿ ಅಥವಾ ಡಬ್ಬಿ ಕೈಯಲ್ಲಿ ಹಿಡಿದು ನೋಡಿದ್ದೀರಾ? ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಪಾತ್ರೆ ಎರಕ ಹೊಯ್ಯುತ್ತಾರೆ. ಮೇಲೆ ಉಳಿಯಿಂದ ಚಿತ್ತಾರ ಕೊರೆದು, ಆ ಗೆರೆಗಳಲ್ಲಿ ಬೆಳ್ಳಿ ತಂತಿ ಕೂರಿಸುತ್ತಾರೆ. ಆಮೇಲೆ ಉಜ್ಜಿ ನಯ ಮಾಡುತ್ತಾರೆ. ಆ ಹಂತದಲ್ಲಿ ನೋಡಿದರೆ ಚಿತ್ತಾರ ಸರಿಯಾಗಿ ಕಾಣೋದೇ ಇಲ್ಲ. ಬೆಳ್ಳಿಯೂ ಬಿಳಿ, ಪಾತ್ರೆಯೂ ಬೂದು ಬಿಳಿ, ಎರಡೂ ಹೊಳೆಯುತ್ತವೆ. ಕೊನೆಗೆ ಬೀದರ್ ಕೋಟೆಯ ಹಳೇ ಮಣ್ಣು ಮತ್ತು ನವಸಾಗರ ಬೆರೆಸಿದ ನೀರಿನ ಕೆಲಸ. ಅದು ಪಾತ್ರೆಯ ಮೈಯನ್ನು ಮಾತ್ರ ಕಪ್ಪಗೆ, ಮಬ್ಬಾಗಿ ಮಾಡುತ್ತೆ, ಬೆಳ್ಳಿಯನ್ನು ಮುಟ್ಟೋದಿಲ್ಲ. ಆಗ ಬೆಳ್ಳಿ ಎದ್ದು ಬರುತ್ತೆ. ಗಮನಿಸಿ, ಕುಶಲಕರ್ಮಿ ಬೆಳ್ಳಿಗೆ ಹೊಸದಾಗಿ ಏನೂ ಮಾಡಲಿಲ್ಲ. ಸುತ್ತಲಿನ ಹೊಳಪನ್ನು ಕೊಂದ, ಅಷ್ಟೇ.

ನಿಮ್ಮ ಹಾಲ್ ಮಣ್ಣು ಹಚ್ಚುವ ಮುಂಚಿನ ಬಿದರಿ. ಹಲಸಿನ ಕದ ತಂದು ಅದರ ಮಧ್ಯೆ ನಿಲ್ಲಿಸಿದರೆ ಅದೂ ಹನ್ನೆರಡನೇ ಸಾಮಾನಾಗುತ್ತೆ.

ಹಾಗಾದರೆ ಎಲ್ಲಿಂದ ಶುರು ಮಾಡೋದು? ದೀಪದಿಂದ. ಖರ್ಚು ಕಡಿಮೆ, ಪರಿಣಾಮ ಜಾಸ್ತಿ. ನಿಮ್ಮ ಸೀಲಿಂಗ್‌ನಲ್ಲಿ ಇರೋದು ಬಿಳಿ ಬೆಳಕು, 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಇರಬೇಕು. ಡಬ್ಬಿಯ ಮೇಲೆ ಬರೆದಿರುತ್ತಾರೆ, ನೋಡಿ. ಆ ಬೆಳಕಲ್ಲಿ ಮರ ಸತ್ತ ಹಾಗೆ ಕಾಣುತ್ತೆ. 3000 ಕೆಲ್ವಿನ್‌ನ ಹಳದಿ ಬೆಳಕಿಗೆ ಬದಲಿಸಿ. ಕೋವ್ (ಸೀಲಿಂಗ್ ಅಂಚಿನ ಗೂಡು) ಒಳಗಿನ ಎಲ್‌ಇಡಿ ಪಟ್ಟಿಗೆ ಹಾಲುಗಾಜಿನ ಥರದ ಮುಚ್ಚಳ ಇರುವ ಅಲ್ಯೂಮಿನಿಯಂ ಪ್ರೊಫೈಲ್ ಹಾಕಿಸಿ. ಇಲ್ಲದಿದ್ದರೆ ಹೊಳೆಯುವ ಟೈಲ್ಸ್‌ನಲ್ಲಿ ಚುಕ್ಕಿ ಚುಕ್ಕಿ ಸಾಲು ಕಾಣುತ್ತೆ. ಈಗ ಕಾಣುತ್ತಿದೆ, ಅಲ್ವಾ? ಮತ್ತೆ, ಎಲ್ಲಾ ದೀಪ ಮೇಲಿಂದಲೇ ಸುರಿಯೋದು ಬೇಡ. ಒಂದೆರಡು ನೆಲದೀಪ, ಮೇಜುದೀಪ ಇರಲಿ. ಒರಟು ಮೈ ಕಾಣೋದು ಬೆಳಕು ಪಕ್ಕದಿಂದ ಸವರಿಕೊಂಡು ಹೋದಾಗ. ಎದುರಿಂದ ಬಿದ್ದರೆ ಒರಟೂ ಚಪ್ಪಟೆಯಾಗುತ್ತೆ. ಆದರೆ ಬರೀ ಪುಟ್ಟಿ ಹೊಡೆದ ಗೋಡೆಯ ಹತ್ತಿರ ಹಾಗೆ ದೀಪ ಹಾಕಿಸಬೇಡಿ. ಪುಟ್ಟಿಯ ಅಲೆಯೆಲ್ಲಾ ಎದ್ದು ಕಾಣುತ್ತೆ, ಆಮೇಲೆ ಪೇಂಟರ್ ಜೊತೆ ಜಗಳ.

ಎರಡನೇದು ಟಿವಿ ಯೂನಿಟ್. ಇಡೀ ಯೂನಿಟ್ ಕೀಳಿಸಬೇಡಿ. ಒಳಗಿನ ಬಾಕ್ಸ್ ಹಾಗೇ ಇರಲಿ, ಶಟರ್ (ಮುಂದಿನ ಬಾಗಿಲು) ಮಾತ್ರ ಹೊಸದು ಮಾಡಿಸಿ, ಹೊಳಪಿಲ್ಲದ ಸ್ವೀಡ್ ಅಥವಾ ಮ್ಯಾಟ್ ಮೈಕಾದಲ್ಲಿ. ಇರುವ ಮೈಕಾ ಮೇಲೇ ಇನ್ನೊಂದು ಅಂಟಿಸಿಬಿಡೋಣ ಅಂತ ಕಾರ್ಪೆಂಟರ್ ಹೇಳಬಹುದು. ಅಂಚಿನಲ್ಲಿ ಎರಡು ಪದರ ಕಾಣುತ್ತೆ, ಹಿಂಜ್ ಲೆಕ್ಕ ತಪ್ಪುತ್ತೆ, ಬೇಡ. ಬಣ್ಣ ತೀರಾ ಗಾಢ ಬೇಡ. ಗಾಢ ಮ್ಯಾಟ್ ಮೇಲೆ ಎಣ್ಣೆಗೈ ಗುರುತು ಕೂರುತ್ತೆ. ಉಳಿದ ಗೋಡೆಗಳಿಗೆ ಹೊಳಪಿಲ್ಲದ ಮ್ಯಾಟ್ ಪೇಂಟ್, ಅದರಲ್ಲೂ ಒದ್ದೆ ಬಟ್ಟೆಯಲ್ಲಿ ಒರೆಸಬಹುದಾದ್ದು.

ನೆಲ ಹಾಗೇ ಇರಲಿ. ಒಂದು ದೊಡ್ಡ ಹೊಳಪು ಇದ್ದರೆ ತಪ್ಪಿಲ್ಲ, ಉಳಿದವು ಅದರ ಜೊತೆ ಪೈಪೋಟಿಗೆ ಇಳಿಯಬಾರದು. ಆದರೆ ನಾವು ಮನೆಯೊಳಗೆ ಚಪ್ಪಲಿ ಬಿಟ್ಟು ಓಡಾಡುವವರು. ಹೊರದೇಶದ ಪತ್ರಿಕೆಗಳ ಚಿತ್ರ ನೋಡಿ ಮನೆ ಮಾಡುವವರು ಇದನ್ನೇ ಮರೆಯೋದು. ನಮಗೆ ವಸ್ತುವಿನ ಮೈ ಅನ್ನೋದು ಕಣ್ಣಿಗಿಂತ ಮೊದಲು ಅಂಗಾಲಿಗೆ ತಿಳಿಯುತ್ತೆ. ಕಾವಿ ನೆಲದ ತಂಪು, ಜಗಲಿಯ ಕಲ್ಲಿನ ತರಿ, ಚಾಪೆಯ ಗೆರೆ, ಇವೆಲ್ಲಾ ಕಾಲಲ್ಲಿ ನೆನಪಿರುವ ಸಂಗತಿಗಳು. ಹಾಗಾಗಿ ಸೋಫಾ ಮುಂದೆ ದಪ್ಪ ಹತ್ತಿ ಜಮಖಾನೆ ಹಾಸಿ. ನವಲಗುಂದದ ಜಮಖಾನೆ ಸಿಕ್ಕರೆ ಇನ್ನೂ ಚೆನ್ನ, ಅಲ್ಲಿ ಹೆಂಗಸರೇ ಮಗ್ಗದ ಮೇಲೆ ನೇಯುತ್ತಾರೆ. ದೊಡ್ಡದು ತಗೊಳ್ಳಿ, ಸೋಫಾದ ಮುಂಗಾಲು ಅದರ ಮೇಲೆ ಕೂರಬೇಕು. ಕೋಣೆ ಮಧ್ಯೆ ಕರ್ಚೀಫ್ ಹಾಸಿದ ಹಾಗೆ ಕಾಣಬಾರದು. ಟೈಲ್ಸ್ ಮೇಲೆ ಜಾರದ ಹಾಗೆ ಕೆಳಗೆ ರಬ್ಬರ್ ಜಾಲರಿ ಬೇಕೇ ಬೇಕು. ನೆಲ, ಗಾಜು, ಮೈಕಾ ಎಲ್ಲಾ ಗಟ್ಟಿ ಸಾಮಾನಾದ್ದರಿಂದ ನಿಮ್ಮ ಹಾಲ್‌ನಲ್ಲಿ ಮಾತು ಮಾರ್ದನಿ ಕೊಡುತ್ತಿರಬೇಕು. ಜಮಖಾನೆ ಮತ್ತು ದಪ್ಪ ಪರದೆಯಿಂದ ಅದೂ ಇಳಿಯುತ್ತೆ.

ಈಗ ಆ ತ್ರೀ-ಡಿ ಗೋಡೆ. ಒಂದೇ ಗೋಡೆಯಲ್ಲಿ ಕಲ್ಲು, ಫ್ಲೂಟೆಡ್, ಕನ್ನಡಿ, ಕದ, ಟಿವಿ. ಐದು ಜನ ಒಟ್ಟಿಗೆ ಮಾತಾಡಿದ ಹಾಗೆ. ನನ್ನ ಅಭಿಪ್ರಾಯ ಕೇಳಿದರೆ ಮೊದಲ ಮೂರನ್ನೂ ತೆಗೆಯಿರಿ. ಫ್ಲೂಟೆಡ್ ಪ್ಯಾನೆಲ್‌ನ ಒಂದೊಂದು ತೋಡಿನಲ್ಲೂ ಬೆರಳಿಗೆ ಬಟ್ಟೆ ಸುತ್ತಿ ಧೂಳು ತೆಗೆಯಬೇಕು. ತ್ರೀ-ಡಿಯಲ್ಲಿ ಬೆಂಗಳೂರಿನ ಧೂಳು ಬರೋದಿಲ್ಲ ನೋಡಿ. ಕಲ್ಲಿನ ಕ್ಲ್ಯಾಡಿಂಗ್‌ಗೆ ನಾನು ಪೂರ್ತಿ ವಿರೋಧಿ ಅಲ್ಲ. ಆದರೆ ಅದರ ಗುಟ್ಟು ಮೂಲೆಯಲ್ಲಿ ಬಯಲಾಗುತ್ತೆ. ಬನ್ನೇರುಘಟ್ಟ ರಸ್ತೆಯ ಐಐಎಂ ನೋಡಿ, ವಾಸ್ತುಶಿಲ್ಪಿ ಬಿ.ವಿ. ದೋಶಿ ವಿನ್ಯಾಸ ಮಾಡಿದ್ದು. ಅಲ್ಲಿನ ಒರಟು ಬೂದುಗಲ್ಲಿನ ಗೋಡೆ ನಿಜವಾದ ಗೋಡೆ, ಮೂಲೆಯ ಕಲ್ಲು ಎರಡೂ ಕಡೆ ಮುಖ ತೋರಿಸುತ್ತೆ. ಫ್ಲ್ಯಾಟ್‌ನ ಕ್ಲ್ಯಾಡಿಂಗ್‌ನಲ್ಲಿ ಮೂಲೆಗೆ ಬಂದಾಗ ಮುಕ್ಕಾಲು ಇಂಚಿನ ಬಿಲ್ಲೆ ಅಂತ ಗೊತ್ತಾಗಿಬಿಡುತ್ತೆ. ಹಾಕಿಸಲೇಬೇಕು ಅಂದರೆ ಎರಡು ಒಳಮೂಲೆಗಳ ನಡುವಿನ ಇಡೀ ಗೋಡೆಗೆ ಹಾಕಿಸಿ, ಅರ್ಧದಲ್ಲಿ ನಿಲ್ಲಿಸಬೇಡಿ.

ಕದಕ್ಕೆ ಟಿವಿ ಗೋಡೆ ಬೇಡ. ಟಿವಿ ಕಪ್ಪು ಗಾಜು, ಅದರ ಪಕ್ಕ ಯಾವ ಹಳೇ ಮರವೂ ಸೋಲುತ್ತೆ. ಬದಲಿಗೆ ಊಟದ ಮೇಜಿನ ಹಿಂದಿನ ಬೋಳು ಗೋಡೆ ಇದೆಯಲ್ಲ, ಅಲ್ಲಿ ನಿಲ್ಲಿಸಿ. ಹಗಲು ಬಾಲ್ಕನಿ ಬೆಳಕು ಪಕ್ಕದಿಂದ ಬರುತ್ತೆ, ಉಳಿ ಪೆಟ್ಟಿನ ಗುರುತೂ ಕಾಣುತ್ತೆ. ಹಿಂದಿನ ಗೋಡೆ ಸುಣ್ಣದಂಥ ಮಬ್ಬು ಬಿಳಿ ಇರಲಿ. ಆ ಗೋಡೆಯಲ್ಲಿ ಇನ್ನೇನೂ ಬೇಡ. ಗಡಿಯಾರವೂ ಬೇಡ.

ಇಲ್ಲಿ ನನ್ನದೇ ಒಂದು ಎಡವಟ್ಟು ಹೇಳುತ್ತೇನೆ. ಕೆಲಸ ಶುರು ಮಾಡಿದ ಹೊಸದರಲ್ಲಿ ನನ್ನ ಮನೆಗೇ ಅಜ್ಜನ ತೇಗದ ಬೀರು ತಂದಿದ್ದೆ. ಹೊಂದಲಿ ಅಂತ ಅದರ ಪಕ್ಕದ ಶೆಲ್ಫ್‌ಗೆ ತೇಗದ ಥರದ್ದೇ ಮೈಕಾ ಹುಡುಕಿ ಹುಡುಕಿ ಹಾಕಿಸಿದೆ. ಅಂಗಡಿಯಲ್ಲಿ ಪಕ್ಕಾ ಅದೇ ಬಣ್ಣ. ಮನೆಗೆ ಬಂದ ಮೇಲೆ ಬೀರು ಕೊಳೆಯಾಗಿ ಕಂಡಿತು, ಮೈಕಾ ಸುಳ್ಳಾಗಿ ಕಂಡಿತು. ಬಂದವರೆಲ್ಲಾ "ಬೀರುಗೂ ಪಾಲಿಶ್ ಮಾಡಿಸಿಬಿಡಿ, ಮ್ಯಾಚ್ ಆಗುತ್ತೆ" ಅನ್ನೋರು. ಎರಡು ವರ್ಷ ತಡೆದುಕೊಂಡು ಕೊನೆಗೆ ಶೆಲ್ಫ್‌ಗೆ ಬೂದು ಬಣ್ಣ ಬಳಿದೆ. ಬೀರು ಮತ್ತೆ ಬೀರುವಾಯಿತು. ಬೇರೆ ಆದರೆ ಪೂರ್ತಿ ಬೇರೆ ಆಗಬೇಕು. ಹತ್ತಿರ ಹತ್ತಿರ ಇದ್ದರೆ ಕಣ್ಣು ಅದನ್ನು ತಪ್ಪು ಅಂತಲೇ ಓದುತ್ತೆ. ಆದ್ದರಿಂದ ಹಲಸಿನ ಕದ ಕಾಣುವಷ್ಟು ದೂರದಲ್ಲಿ ಮರದ ಗೆರೆಯ ಮೈಕಾ ಎಲ್ಲೂ ಬೇಡ. ಹೊಸ ಶಟರ್‌ಗಳಿಗೆ ಬೂದಿ, ಮಜ್ಜಿಗೆ ಬಿಳಿ, ಮಾಸಲು ಹಸಿರು, ಯಾವುದಾದರೂ ಒಂದು ಸಾದಾ ಬಣ್ಣ ಸಾಕು.

ಕದವನ್ನು ಒಳಗೆ ತರುವ ಮುಂಚೆ ಸ್ವಲ್ಪ ಕೆಲಸವಿದೆ. ಮೊದಲು ಹುಳ. ಬಾಲ್ಕನಿಯಲ್ಲಿ ಎರಡು ರೀಪರ್ (ಮರದ ಪಟ್ಟಿ) ಮೇಲೆ ಮಲಗಿಸಿ, ಕೆಳಗೆ ಕಪ್ಪು ಕಾಗದ ಹಾಸಿ, ಎರಡು ವಾರ ಬಿಡಿ. ಕಾಗದದ ಮೇಲೆ ಹಿಟ್ಟಿನ ಥರ ಪುಡಿ ಬಿದ್ದಿದ್ದರೆ ಹುಳ ಬದುಕಿದೆ ಅಂತ ಲೆಕ್ಕ. ಔಷಧಿ ಹಾಕಿಸದೆ ಒಳಗೆ ತರಬೇಡಿ. ಪುಡಿ ಇಲ್ಲ, ಬರೀ ತೂತಿದೆ ಅಂದರೆ ಹಳೇ ಕಥೆ, ಹೆದರಬೇಡಿ. ಇನ್ನೊಂದೆರಡು ವಾರ ಅಲ್ಲೇ ಇರಲಿ. ಮಲೆನಾಡಿನ ಥಂಡಿ ಕುಡಿದ ಮರ ಬೆಂಗಳೂರಿನ ಒಣ ಗಾಳಿಗೆ ಸ್ವಲ್ಪ ಕುಗ್ಗುತ್ತೆ. ಕುಗ್ಗೋದು ಮುಗಿದ ಮೇಲೆ ಜೋಡಿಸಿದರೆ ಒಳ್ಳೇದು.

ಫೋಟೋದಲ್ಲಿ ಒಂದು ಕದದ ಮೇಲೆ ಹಸಿರು ಆಯಿಲ್ ಪೇಂಟ್ ಕಾಣುತ್ತಿದೆ. ಅದನ್ನು ಒಣಗಿದ್ದ ಹಾಗೇ ಮೆಷಿನ್ ಹಾಕಿ ಉಜ್ಜಿಸಬೇಡಿ. ಹಳೇ ಪೇಂಟ್‌ನಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಮನೆಗಳ ಪೇಂಟ್‌ನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90) ದಾಟಬಾರದು ಅನ್ನೋ ನಿಯಮ ನಮ್ಮಲ್ಲಿ ಜಾರಿಗೆ ಬಂದಿದ್ದೇ 2017ರಲ್ಲಿ. ಆ ಪುಡಿ ಮಕ್ಕಳಿರುವ ಮನೆಯಲ್ಲಿ ಹಾರಬಾರದು. ಪೇಂಟ್ ರಿಮೂವರ್ ಹಚ್ಚಿ, ಒದ್ದೆಯಾಗಿದ್ದಾಗಲೇ ಮನೆಯ ಹೊರಗೆ ಕೆರೆಸಿ. ಎಲ್ಲಾ ಹೋಗಲೇಬೇಕು ಅಂತಿಲ್ಲ, ಕೆತ್ತನೆಯ ಸಂದಿಯಲ್ಲಿ ಸ್ವಲ್ಪ ಹಸಿರು ಉಳಿದರೆ ನನಗಂತೂ ಇಷ್ಟ. ಸಡಿಲ ಚಕ್ಕೆ ಇರಬಾರದು, ಅಷ್ಟೇ.

ಮೆಲಮೈನ್ ಪಾಲಿಶ್ ಬೇಡ. ಕಾರ್ಪೆಂಟರ್‌ಗಳಿಗೆ ಅದು ಅಭ್ಯಾಸ, "ಶೈನಿಂಗ್ ಬರುತ್ತೆ ಮೇಡಂ" ಅಂತ ಹಚ್ಚಿಬಿಡುತ್ತಾರೆ. ಮುಂಚೆಯೇ ಹೇಳಿಡಿ. ಅಗಸೆ ಎಣ್ಣೆ ತೆಳ್ಳಗೆ ಎರಡು ಕೈ, ಒಣಗಿದ ಮೇಲೆ ಜೇನುಮೇಣ, ಹತ್ತಿ ಬಟ್ಟೆಯಲ್ಲಿ ಉಜ್ಜಿದರೆ ಸಾಕು. ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತೆ, ಮುದ್ದೆಯಾದ ಬಟ್ಟೆಗೆ ತಾನಾಗಿ ಬೆಂಕಿ ಹತ್ತಿದ್ದೂ ಉಂಟು. ಬಿಡಿಸಿ ಹರವಿ ಒಣಗಿಸಿ.

ಇನ್ನು ಎಲ್ಲರೂ ಬಿಟ್ಟುಬಿಡುವ ವಿಷಯ: ಎರಡು ವಸ್ತು ಸೇರುವ ಜಾಗ. ಯಾವ ಕಲ್ಲು, ಯಾವ ಮರ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತೇವೆ. ಅವೆರಡೂ ಮುಟ್ಟುವ ಅರ್ಧ ಇಂಚನ್ನು ಮಾತ್ರ ಕೆಲಸದ ದಿನ ಮೇಸ್ತ್ರಿಗೆ ಬಿಡುತ್ತೇವೆ. ಅವರು ಸಿಲಿಕೋನ್ ತುಂಬಿ ಬೆರಳಲ್ಲಿ ಸವರುತ್ತಾರೆ. ಇಳಕಲ್ ಸೀರೆಯ ಮೈ ಹತ್ತಿ, ಸೆರಗು ರೇಷ್ಮೆ. ಎರಡೂ ಬೇರೆ ಬೇರೆ ಹಾಸು, ಅಂದರೆ ಮಗ್ಗದ ಉದ್ದನೆ ಎಳೆಗಳು. ನೇಕಾರರು ಒಂದೊಂದು ಎಳೆಗೂ ಕೊಂಡಿ ಹಾಕಿ ಮಗ್ಗದ ಮೇಲೇ ಜೋಡಿಸುತ್ತಾರೆ. ಹತ್ತಿಗೆ ರೇಷ್ಮೆ ಸುಮ್ನೆ ಹೊಲಿದಿದ್ದರೆ ಅದು ತೇಪೆ ಹಾಕಿದ ಬಟ್ಟೆ ಆಗುತ್ತಿತ್ತು. ಮನೆಯಲ್ಲೂ ಅಷ್ಟೇ, ಆ ಕೊಂಡಿ ಮೊದಲೇ ಯೋಚಿಸಿದ್ದಾಗಿರಬೇಕು.

ನಿಮ್ಮ ಕದದ ವಿಷಯದಲ್ಲಿ ಹೀಗೆ ಮಾಡಿ. ಮರ ನೆಲದ ಟೈಲ್ಸ್ ಮುಟ್ಟಬಾರದು. ದಿನಾ ನೆಲ ಒರೆಸುವ ನೀರು ಕುಡಿದು ಬುಡ ಕಪ್ಪಾಗುತ್ತೆ. ಎರಡು ಇಂಚು ದಪ್ಪದ ಸಾದರಹಳ್ಳಿ ಕಲ್ಲಿನ ಪಟ್ಟಿಯೊಂದನ್ನು ಕೂರಿಸಿ, ಹೊಸಿಲಿನ ಹಾಗೆ, ಅದರ ಮೇಲೆ ಕದ ನಿಲ್ಲಿಸಿ. ಹೊಳೆಯುವ ಟೈಲ್ಸ್ ಮತ್ತು ಹಳೇ ಮರ ನೇರ ಎದುರಾಗೋದಿಲ್ಲ, ಮಧ್ಯೆ ಒಂದು ಬೂದುಗಲ್ಲು ಬಂತು. ಗೋಡೆಗೆ ಅಂಟಿಸಬೇಡಿ. ಹಿಂದೆ ಕಾಣದ ಹಾಗೆ ಒಂದಿಂಚಿನ ಫ್ರೇಮ್ ಕೊಟ್ಟು ಗೋಡೆಯಿಂದ ಸ್ವಲ್ಪ ಮುಂದೆ ನಿಲ್ಲಿಸಿದರೆ ಅಂಚಿನ ಸುತ್ತ ತೆಳು ನೆರಳು ಬೀಳುತ್ತೆ. ಆ ನೆರಳೇ ಗಡಿ, ಬೀಡಿಂಗ್ ಬೇಕಾಗಿಲ್ಲ. ಸ್ಕ್ರೂ ತೂತು ಗುಂಡಗಿರದೆ ಉದ್ದುದ್ದ ಇರಲಿ, ಮಳೆಗಾಲದಲ್ಲಿ ಮರ ಹಿಗ್ಗಿದರೆ ಸರಿಯಲು ಜಾಗ ಬೇಕು. ಕದ ಭಾರ ಇರುತ್ತೆ. ಮೇಲ್ಭಾಗವನ್ನು ಗೋಡೆಗೆ ಆಂಕರ್ ಬೋಲ್ಟ್‌ನಲ್ಲಿ ಭದ್ರ ಮಾಡದೆ ಸುಮ್ನೆ ಒರಗಿಸಬೇಡಿ.

ತೇಗದ ಹಲಗೆಯನ್ನು ಬಾಲ್ಕನಿ ಕಿಟಕಿಯ ಕೆಳಗೆ ಉದ್ದನೆ ಬೆಂಚಾಗಿ ಮಾಡಿ, ಜಗಲಿ ಥರ. ಕಾಲಿಗೆ ಕಪ್ಪು ಮ್ಯಾಟ್ ಕಬ್ಬಿಣ, ಪೌಡರ್ ಕೋಟಿಂಗ್ ಮಾಡಿಸಿದ್ದು. ಕೂರುವ ಮೇಲ್ಮೈ ನಯ ಮಾಡಿಸಿ, ಅಂಚಿನ ಗರಗಸದ ಗೆರೆ ಹಾಗೇ ಬಿಡಿ. ಒಂದೇ ವಸ್ತುವಿಗೆ ಎರಡು ಮೈ ಕೊಡೋದು ತಪ್ಪೇ ಆಗದ ದಾರಿ. ಬಣ್ಣ ಒಂದೇ ಇರೋದರಿಂದ ಗಲಾಟೆ ಆಗೋದಿಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ಇದನ್ನೇ ಮಾಡಿದ್ದಾರೆ. ಹೊರಗೋಡೆಯಲ್ಲಿ ಬೆರಳಿಡಲು ಜಾಗ ಬಿಡದ ಕೆತ್ತನೆ. ಒಳಗೆ ನವರಂಗಕ್ಕೆ ಹೋದರೆ ತಿರುಗಣೆಗೆ ಕೊಟ್ಟು ತೀಡಿದ, ನುಣುಪಾದ ಕಂಬಗಳು. ಕಲ್ಲು ಅದೇ ಬಳಪದ ಕಲ್ಲು. ನಿಮಗೆ ಮುಂದೆ ಪೂಜೆ ಮನೆ ಮಾಡಿಸುವಾಗ ಧೈರ್ಯ ಸಾಲದಿದ್ದರೆ ಈ ದಾರಿ ಹಿಡಿಯಿರಿ. ಒಂದೇ ಬೂದು ಗ್ರಾನೈಟ್, ಪೀಠಕ್ಕೆ ಪಾಲಿಶ್, ಹಿಂಗೋಡೆಗೆ ಫ್ಲೇಮ್ಡ್ (ಬೆಂಕಿ ತಾಗಿಸಿ ಒರಟು ಮಾಡಿದ್ದು).

ಅಡುಗೆಮನೆ ಕಟ್ಟೆಗೆ ಲೆದರ್ ಫಿನಿಶ್ ಹಾಕಬಹುದು, ಗ್ರಾನೈಟ್ ಆಗಿದ್ದರೆ. ಅಂಗಡಿಯಲ್ಲಿ ಕಡಪ ಕಲ್ಲಿಗೂ ಅದೇ ಹೆಸರು ಹೇಳಿ ತೋರಿಸುತ್ತಾರೆ. ಕಡಪ ಸುಣ್ಣದ ಕಲ್ಲಿನ ಜಾತಿ. ಹುಣಸೆಹುಳಿ, ನಿಂಬೆರಸ ಬಿದ್ದ ಕಡೆ ಮಾಸಲು ಕಲೆ ನಿಲ್ಲುತ್ತೆ. ದಿನಾ ಸಾರು ಮಾಡುವ ಮನೆಗೆ ಅದು ಆಗಿಬರೋದಿಲ್ಲ. ಇನ್ನೊಂದು, ಲೆದರ್ ಫಿನಿಶ್‌ನ ಸಣ್ಣ ಗುಳಿಗಳಲ್ಲಿ ಹಿಟ್ಟು ಕೂರುತ್ತೆ. ನೀವು ಕಟ್ಟೆ ಮೇಲೇ ಚಪಾತಿ ಲಟ್ಟಿಸುವವರಾದರೆ ಆ ಭಾಗಕ್ಕೆ ಅದೇ ಕಲ್ಲಿನ ಪಾಲಿಶ್ ತುಂಡು ಹಾಕಿಸಿ.

ಸ್ಯಾಂಪಲ್ ನೋಡುವ ರೀತಿಯನ್ನೂ ಹೇಳಿಬಿಡುತ್ತೇನೆ. ಅಂಗಡಿಯ ದೀಪದ ಕೆಳಗೆ ಯಾವುದನ್ನೂ ಒಪ್ಪಿಕೊಳ್ಳಬೇಡಿ. ಒಂದಡಿ ಚೌಕದ ತುಂಡು ಮನೆಗೆ ತನ್ನಿ. ಶಟರ್‌ಗೆ ಬರೋದಾದರೆ ನಿಲ್ಲಿಸಿ ನೋಡಿ, ಮಲಗಿಸಿ ನೋಡಬೇಡಿ. ಬೆಳಗ್ಗೆ ಒಂದು ಸಲ, ರಾತ್ರಿ ಹೊಸ ದೀಪದಲ್ಲಿ ಒಂದು ಸಲ. ಕಣ್ಣು ಮುಚ್ಚಿ ಕೈಯಾಡಿಸಿಯೂ ನೋಡಿ, ಕೈಗೆ ಇಷ್ಟವಾಗದ್ದು ಆರು ತಿಂಗಳಲ್ಲಿ ಕಣ್ಣಿಗೂ ಬೇಜಾರಾಗುತ್ತೆ.

ಹಂಡೆ ಉಳಿಯಿತು. ಪಾಲಿಶ್ ಅಂಗಡಿಗೆ ಕೊಟ್ಟು ಬಂಗಾರದ ಹಾಗೆ ಮಾಡಿಸಬೇಕು ಅಂತ ಬರೆದಿದ್ದೀರಿ. ದಯವಿಟ್ಟು ಬೇಡ. ಬಚ್ಚಲ ಒಲೆಯ ಮೇಲೆ ಎಷ್ಟೋ ವರ್ಷ ಕೂತು ಬಂದ ಕಪ್ಪು ಅದು, ಯಾವ ಫ್ಯಾಕ್ಟರಿಯಲ್ಲೂ ಸಿಗೋದಿಲ್ಲ. ಕೈಗಂಟುವ ಮಸಿಯನ್ನು ಮಾತ್ರ ಬಿಸಿನೀರು, ಸೋಪು ಹಾಕಿ ತೊಳೆಯಿರಿ. ಆಮೇಲೆ ಹುಣಸೆಹಣ್ಣು, ಉಪ್ಪು ತಗೊಂಡು ಬಾಯಿಯ ಅಂಚನ್ನಷ್ಟೇ ಉಜ್ಜಿ. ಬೆಂಚಿನ ಪಕ್ಕ, ಕಿಟಕಿ ಬೆಳಕು ಆ ಅಂಚಿಗೆ ತಾಗುವ ಹಾಗೆ ಇಡಿ.